ಮೊದಲ ಡಬ್ಬಿಯ ಸಂಖ್ಯೆ

ಮೂರು ಗಂಟೆಗೆ ಬೆಳಕಿನ ಕನ್ಸೋಲಿನಲ್ಲಿ ಮೊದಲ ಸಾಲಿನ ಫೇಡರನ್ನು ನಾಲ್ಕನೇ ಸಲ ಮೇಲಕ್ಕೆ ಸರಿಸಿದೆ. ವೇದಿಕೆಯ ಮುಂಭಾಗದ ಆರು ದೀಪಗಳಲ್ಲಿ ಒಂದೂ ಬೆಳಗಲಿಲ್ಲ.

"ಇನ್ನೂ ಎಷ್ಟೊತ್ತಮ್ಮ ಶ್ರೀವಿದ್ಯಾ?" ತಿಪ್ಪೇಸ್ವಾಮಿ ಅಂಕಲ್ ಖಾಲಿ ಸಭಾಂಗಣದ ಮುಂದಿನ ಕುರ್ಚಿಯಿಂದ ಕೇಳಿದರು. ಕುಷಾಯಿಗೂಡದ ನಮ್ಮ ಕನ್ನಡ ಸಂಘದ ನಾಟಕಗಳನ್ನು ಇಪ್ಪತ್ತು ವರ್ಷದಿಂದ ಆಡಿಸುತ್ತಿರುವವರು ಅವರು. ಅಪ್ಪನ ಜೊತೆ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು.

"ಹತ್ತು ನಿಮಿಷ ಅಂಕಲ್."

"ಎರಡು ಗಂಟೆಗೂ ಹತ್ತು ನಿಮಿಷಾನೇ ಇತ್ತು. ನಾಲ್ಕೂವರೆ ತನಕ ನೋಡ್ತೀನಿ. ಆಮೇಲೆ ಕೋಠಿಯ ಸೂರ್ಯನಾರಾಯಣನಿಗೆ ಫೋನ್ ಮಾಡ್ತೀನಿ. ಅವನ ಹಳೇ ದೀಪದ ಬೋರ್ಡು ಒಂದು ಸಲಾನೂ ಕೈಕೊಟ್ಟಿಲ್ಲ."

ಸೂರ್ಯನಾರಾಯಣ ಬಂದರೆ ನಾನು ಮೂರು ತಿಂಗಳು ಕೂತು ಹೊಂದಿಸಿದ ನಲವತ್ತಮೂರು ಬೆಳಕುಗಳೂ ಹೋದಂತೆ. ಮೊದಲ ದೃಶ್ಯದ ಎರಡು ನಿಮಿಷದ ಮುಂಜಾವು ಅವನ ಬೋರ್ಡಿನಲ್ಲಿ ಹತ್ತಿ ಆರುವ ಒಂದು ಸ್ವಿಚ್ಚಾಗುತ್ತದೆ. ಮುಂದಿನ ವರ್ಷ ಸಂಘ ನನ್ನ ಮಾತನ್ನು ಕೇಳುವುದೂ ಇಲ್ಲ. ಪ್ರತಿ ದೀಪಕ್ಕೂ ದಪ್ಪ ಕೇಬಲ್ ಎಳೆಯುವ ಬದಲು ಕನ್ಸೋಲಿನಿಂದ ಮೇಲಿನ ಪೈಪಿಗೆ ಒಂದೇ ತೆಳ್ಳನೆಯ ನೆಟ್‌ವರ್ಕ್ ಕೇಬಲ್ ಸಾಕು, ಅಲ್ಲಿ ನಾಲ್ಕು ಡಬ್ಬಿ ತೂಗುಹಾಕಿದರೆ ಅವು ಕನ್ಸೋಲಿನ ಸಂಖ್ಯೆಗಳನ್ನು ದೀಪಗಳಿಗೆ ತಲುಪಿಸುತ್ತವೆ ಎಂದು ಎರಡು ವರ್ಷ ಬೇಡಿಕೊಂಡಿದ್ದೆ. "ನಮ್ಮನೆ ವೈಫೈಯೇ ನೆಟ್ಟಗಿಲ್ಲ" ಎಂದು ನಕ್ಕಿದ್ದ ಸಂಘದವರು ಈ ಸಲ ಒಪ್ಪಿದ್ದರು.

ಭೌತಶಾಸ್ತ್ರ ಓದುವಾಗ ಹತ್ತಿದ ಅಭ್ಯಾಸವೊಂದು ನನಗಿದೆ. ಒಂದನ್ನು ಸರಿಪಡಿಸದೆ ಇನ್ನೊಂದನ್ನು ಮುಟ್ಟುವುದಿಲ್ಲ. ಕೇಬಲ್ ನೋಡಿದೆ, ಹಸಿರು ಚುಕ್ಕಿ ಮಿನುಗುತ್ತಿತ್ತು. ಲ್ಯಾಪ್‌ಟಾಪಿನಿಂದ ಕರೆದರೆ ನಾಲ್ಕೂ ಡಬ್ಬಿಗಳು ಓಗೊಡುತ್ತಿದ್ದವು. ಕನ್ಸೋಲಿನ ತೆರೆಯ ಮೇಲೆ ಸಂಖ್ಯೆಗಳು ಏರುತ್ತಿದ್ದವು. ಎಲ್ಲವೂ ಸರಿಯಾಗಿತ್ತು, ಬೆಳಕು ಮಾತ್ರ ಇರಲಿಲ್ಲ.

"ಮೇಡಂ, ಮೊದಲನೇದು ಮುನಿಸಿಕೊಂಡೈತಿ. ಅದನ್ನ ಬಿಟ್ಟು ಎರಡನೇದು ಹಚ್ಚಿ ನೋಡ್ರಿ." ಗಾಲಿಯ ಅಟ್ಟಣಿಗೆಯ ಮೇಲಿಂದ ಅಂಬಣ್ಣ ಕೂಗಿದ. ಲಿಂಗಸುಗೂರು ಕಡೆಯವನು. ಮಿಯಾಪುರದ ಅಪಾರ್ಟ್‌ಮೆಂಟುಗಳಿಗೆ ಸಾರುವೆ ಕಟ್ಟುತ್ತಿದ್ದವನು ಈಗ ಮೂರು ವರ್ಷದಿಂದ ನಾಟಕಗಳಿಗೆ ದೀಪ ತೂಗುಹಾಕುತ್ತಾನೆ.

"ಮೊದಲನೇದು ಆಗದೆ ಎರಡನೇದು ಬೇಡ ಅಂಬಣ್ಣ."

"ನನ್ನ ಹೇಣ್ತಿನೂ ಹಿಂಗ ಅಂತಾಳ್ರಿ. ದೊಡ್ಡಾಕಿ ಲಗ್ನ ಆಗೂತನಕ ಸಣ್ಣಾಕಿ ಮಾತು ತಗೀಬ್ಯಾಡ ಅಂತ."

ತಿಪ್ಪೇಸ್ವಾಮಿ ಅಂಕಲ್ ನಕ್ಕರು. ನನಗೆ ನಗು ಬರಲಿಲ್ಲ.

ಅಂಬಣ್ಣ ಡಬ್ಬಿಗಳಿಗೆ ಸಂಖ್ಯೆ ಕೊಟ್ಟದ್ದು ಮಧ್ಯಾಹ್ನ. ಯಾವ ಡಬ್ಬಿ ಕನ್ಸೋಲಿನ ಯಾವ ಸಾಲಿಗೆ ಕಿವಿಗೊಡಬೇಕೆಂದು ಅದಕ್ಕೇ ಹೇಳಬೇಕು. ಅದಕ್ಕೆಂದು ಉಗುರಿನಷ್ಟು ತೆರೆ, ಎರಡು ಗುಂಡಿ. ನಾವು ಬಳಸುವ ಪದ್ಧತಿಯಲ್ಲಿ ಸಾಲುಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಮೊದಲ ಡಬ್ಬಿಗೆ ಸೊನ್ನೆ, ಆಮೇಲೆ ಅದೇ ಕ್ರಮದಲ್ಲಿ ಎಂದು ಕೆಳಗಿನಿಂದ ಎರಡು ಸಲ ಹೇಳಿದ್ದೆ. "ಮೊದಲನೇದಕ್ಕೆ ಹಾಕಿದ್ರಾ?" ಎಂದಾಗ, "ಹಾಕೀನ್ರಿ, ಲಾಭ" ಎಂದಿದ್ದ. ದೀಪ ಆರಿತು ಎನ್ನದೆ ದೊಡ್ಡದಾಯಿತು ಎನ್ನುವ ಹಾಗೆ ಸೊನ್ನೆಗೂ ಇವರಲ್ಲೊಂದು ಒಳ್ಳೆಯ ಹೆಸರಿರಬೇಕು ಅಂದುಕೊಂಡು ಹಾಳೆಯಲ್ಲಿ ಗುರುತು ಹಾಕಿದ್ದೆ.

ಕೇಬಲ್ ಬದಲಿಸಿದೆ. ಡಬ್ಬಿಯನ್ನು ಆರಿಸಿ ಮತ್ತೆ ಹೊತ್ತಿಸಲು ಹೇಳಿದೆ. ನಾಲ್ಕೂಕಾಲಿಗೆ ಅಂಕಲ್ ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಹೆಸರು ಹುಡುಕತೊಡಗಿದರು.

"ಅಂಬಣ್ಣ, ನಾಲ್ಕೂ ಡಬ್ಬಿಯ ನಂಬರ್ ಇನ್ನೊಂದು ಸಲ ಓದಿ."

"ಲಾಭ. ಎರಡ. ಮೂರ. ನಾಕ."

ನನ್ನ ಹಾಳೆಯಲ್ಲಿದ್ದದ್ದು ಸೊನ್ನೆ, ಒಂದು, ಎರಡು, ಮೂರು.

"ಲಾಭ ಅಂದ್ರೆ ಸೊನ್ನೆ ಅಲ್ವಾ?"

"ಸೊನ್ನಿ ಹೆಂಗಾಗ್ತೈತ್ರಿ? ಲಾಭ ಅಂದ್ರ ಒಂದು. ಜ್ವಾಳದ ರಾಶಿ ಅಳೀವಾಗ ಮೊದಲ ಸೇರಿಗೆ ಒಂದು ಅನ್ನಂಗಿಲ್ಲ, ಲಾಭ ಅಂತೀವಿ. ನಿಮ್ಮ ಕಡೆ ಅನ್ನಂಗಿಲ್ಲೇನು?"

"ನಾನು ಸೊನ್ನೆ ಹಾಕಿ ಅಂದಿದ್ದೆ."

"ಅಂದಿದ್ರಿ. ಹೊಸಾ ಸಾಮಾನು, ಅದ್ರಾಗ ಮೊದಲ ಡಬ್ಬಿ. ಅದರ ಹಣಿಮ್ಯಾಲ ಯಾರರ ಸೊನ್ನಿ ಬರೀತಾರೇನ್ರಿ? ಅವಸರದಾಗ ಅಂದೀರಿ ಅನ್ಕೊಂಡು ನಾನ ಲಾಭದಿಂದ ಸುರು ಮಾಡ್ದೆ."

ಸೊನ್ನೆಯಿಂದ ಎಣಿಸುವ ಕನ್ಸೋಲಿಗೆ ಒಂದು ಎಂದರೆ ಎರಡನೇ ಸಾಲು; ಅದರ ಫೇಡರನ್ನು ಮೇಲಕ್ಕೆ ಸರಿಸಿದೆ. ಮುಂಭಾಗದ ಆರೂ ದೀಪಗಳು ಒಟ್ಟಿಗೆ ಹತ್ತಿಕೊಂಡವು. ಅವನ ಮಾತು ಕೇಳಿ ಮೂರು ಗಂಟೆಗೇ ಇದನ್ನು ಮುಟ್ಟಿದ್ದರೆ ಅಲ್ಲೇ ತಿಳಿಯುತ್ತಿತ್ತು. ಅವನ ಮೇಲೆ ಬರಬೇಕಾದ ಸಿಟ್ಟು ದಾರಿ ತಪ್ಪಿ ನನ್ನ ಮೇಲೇ ಬಂತು.

"ಸೊನ್ನಿ ಹಾಕಬೇಕಂದ್ರ ಈಗ ಹಾಕ್ತೀನ್ರಿ," ಎಂದ ಅಂಬಣ್ಣ. ದನಿ ಇಳಿದಿತ್ತು.

ಅಟ್ಟಣಿಗೆಯನ್ನು ತಳ್ಳಿಕೊಂಡು ನಾಲ್ಕೂ ಡಬ್ಬಿಗಳಿಗೆ ಹೋಗಲು ಇಪ್ಪತ್ತು ನಿಮಿಷ ಬೇಕು. ಕನ್ಸೋಲಿನಲ್ಲೇ ಸಾಲುಗಳ ನಾಲ್ಕು ಅಂಕಿ ಬದಲಿಸಿದರೆ ಆಯಿತು. "ಬೇಡ, ಇರಲಿ," ಎಂದು ಒಂದು, ಎರಡು, ಮೂರು, ನಾಲ್ಕು ಎಂದು ಒತ್ತಿದೆ. ಒಂದಾದ ಮೇಲೊಂದು ಸಾಲು ಬೆಳಗಿತು. ಅಚ್ಚುಕಟ್ಟಾಗಿ ಬರೆದ ನನ್ನ ಹಾಳೆ ಮಾತ್ರ ಸುಳ್ಳಾಯಿತು.

"ಏನಾಗಿತ್ತಮ್ಮ?" ಅಂಕಲ್ ಫೋನನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು.

"ಎಣಿಕೆಯಲ್ಲಿ ವ್ಯತ್ಯಾಸ ಆಗಿತ್ತು."

"ತಪ್ಪು ಯಾರದು?"

ಅಂಬಣ್ಣ ಮೇಲಿಂದ ಬಗ್ಗಿ ನೋಡುತ್ತಿದ್ದ.

"ಇಬ್ಬರದೂ ಸರಿಯಾಗೇ ಇತ್ತು ಅಂಕಲ್. ಫೋನ್ ಒಳಗಿಡಿ."

ಆರೂವರೆಯ ತನಕ ಕಾಲು ಗಂಟೆಗೊಮ್ಮೆ ಮೊದಲ ಸಾಲನ್ನು ಎತ್ತಿ ಇಳಿಸಿದೆ. ಕೂರಲಾಗಲಿಲ್ಲ. ಯಾರೋ ಕೊಟ್ಟ ಚಹಾ ಆರಿಹೋಯಿತು. ನಾಟಕ ಶುರುವಾಗುವ ಮೂರನೇ ಗಂಟೆ ಬಾರಿಸಿದಾಗ ಸಭಾಂಗಣ ತುಂಬಿತ್ತು. ಅಂಬಣ್ಣ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಪರದೆಯ ಹಗ್ಗ ಹಿಡಿದು ನಿಂತಿದ್ದ. ಮೊದಲ ಬೆಳಕಿಗೆ ನಾನು "ಒಂದು" ಎನ್ನುತ್ತೇನೆ, ಆಗ ಪರದೆ ಸರಿಸಬೇಕೆಂದು ತಾಲೀಮಿನಲ್ಲಿ ಹೇಳಿಕೊಟ್ಟಿದ್ದೆ.

"ಲಾಭ," ಎಂದೆ.

ಕಿವಿಯಲ್ಲಿ ಸಣ್ಣ ನಗು. "ಹೂಂರಿ." ಪರದೆ ಸರಿಯಿತು.

ಎರಡು ನಿಮಿಷದ ಮುಂಜಾವಿನಲ್ಲಿ ಮೊದಲ ಹತ್ತು ಸೆಕೆಂಡು ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. ನನಗೂ ಕಾಣಲಿಲ್ಲ. ಆ ಹತ್ತು ಸೆಕೆಂಡನ್ನು ಲಾಭದಿಂದ ಶುರುಮಾಡಿ ಎಣಿಸಿದೆ.