ಕೆಂಪುಗೂದಲ ನಾಬ್ಲಾ ದೋಣಿ ಹತ್ತಿದ್ದು

ನಾಬ್ಲಾಳ ತಲೆಗೂದಲು ಕೆಂಪು. ಅಂಥಿಂಥ ಕೆಂಪಲ್ಲ, ಊದಿದ ಕೆಂಡದ ಹಾಗೆ. ಗಾಲ್ವೇ ಕಡಲ ದಡದ ಆ ಊರಲ್ಲಿ ಮೀನಿಗೆ ಹೊರಟ ಗಂಡಸಿಗೆ ಕೆಂಪುಗೂದಲ ಹೆಂಗಸು ಎದುರಾದರೆ, ಅವನು ಬಲೆ ಮಡಚಿಕೊಂಡು ಮನೆಗೆ ಮರಳುತ್ತಿದ್ದ. ಅದಕ್ಕೇ ಮದುವೆಯಾಗಿ ಬಂದಂದಿನಿಂದ, ದೋಣಿಗಳು ನೀರಿಗಿಳಿಯುವ ತನಕ ಅವಳು ಹೊಸಿಲು ದಾಟಿದವಳಲ್ಲ. ಮಾವ ಕೋಲ್ಮನ್ ಕೆಟ್ಟವನೇನಲ್ಲ. ಬೆಂದ ಆಲೂಗಡ್ಡೆಯಲ್ಲಿ ದೊಡ್ಡದನ್ನು ಸೊಸೆಯ ಕಡೆಗೇ ತಳ್ಳುತ್ತಿದ್ದ. ದೋಣಿಯ ಮಾತು ಬಂದಾಗ ಮಾತ್ರ, "ನೀನು ಒಳಗಿರು ತಾಯಿ" ಎನ್ನುತ್ತಿದ್ದ.

ಒಂದು ದಿನ ಬೆಳಿಗ್ಗೆ ಅವಳ ತಂಗಿ ಒನೋರಾ ಅಮೆರಿಕಕ್ಕೆ ಹೋಗುವ ಹಡಗು ಹತ್ತಿದಳು. ಹಡಗಿನ ತನಕ ಜನರನ್ನು ಒಯ್ದದ್ದು ಊರ ದೋಣಿಗಳೇ. ಹಾಗಾಗಿ ಅಕ್ಕ ದಡಕ್ಕೂ ಹೋಗದೆ, ಬಾಗಿಲಲ್ಲೇ ತಂಗಿಯ ಹಣೆಗೆ ಮುತ್ತಿಟ್ಟು ಕಳಿಸಿದಳು.

ಮಧ್ಯಾಹ್ನ ಕೊಲ್ಲಿಯ ಬಾಯಲ್ಲಿ ಹೊಗೆ ಎದ್ದಿತು. ಹಡಗು ಹೊತ್ತಿಕೊಂಡಿತ್ತು! ಉಳಿದ ದೋಣಿಗಳೆಲ್ಲ ದ್ವೀಪದಾಚೆ ಮೀನಿಗೆ ಹೋಗಿದ್ದವು. ದಡದಲ್ಲಿದ್ದದ್ದು ಕೋಲ್ಮನ್‌ನದೊಂದೇ, ನಾಲ್ಕು ಹುಟ್ಟಿನದು. ಆಳು ಮೂರೇ: ಮಾವ, ಗಂಡ ಫೆಸ್ಟಿ, ನೆರೆಯ ಬಾರ್ಟ್ಲಿ.

ನಾಬ್ಲಾ ಓಡಿಬಂದು ನಾಲ್ಕನೇ ಹುಟ್ಟು ಹಿಡಿದು ಕೂತಳು.

"ಇಳಿ ಮಗಳೇ," ಎಂದ ಮಾವ. "ಎದುರಿಗೆ ಬಂದ್ರೇ ಆಗಲ್ಲ ಅಂತೀವಿ. ನೀನು ಒಳಗೇ ಬಂದು ಕೂತಿದೀಯಲ್ಲ!"

"ತಲೆ ಮೇಲೆ ಶಾಲು ಹೊದ್ಕೋತೀನಿ ಮಾವ."

"ಶಾಲಿನ ಕೆಳಗಿರೋದು ಕಡಲಿಗೆ ಗೊತ್ತಾಗಲ್ವಾ?"

"ಗೊತ್ತಾಗ್ಲಿ! ಈ ಕೂದಲು ಕೊಟ್ಟೋನೂ ಆ ಕಡಲು ಕೊಟ್ಟೋನೂ ಒಬ್ನೇ ತಾನೆ? ಅವೆರಡರ ಜಗಳ ಅವ್ನೇ ತೀರಿಸ್ಲಿ. ಅಲ್ಲಿರೋಳು ನನ್ ತಂಗಿ."

"ಅಪ್ಪಾ, ಈ ಗಾಳಿಗೆ ಮೂರು ಹುಟ್ಟು ಸಾಲಲ್ಲ," ಎಂದ ಫೆಸ್ಟಿ.

"ಇದನ್ನ ನನ್ ಹೆಂಡ್ತಿಗೆ ಮಾತ್ರ ಯಾರೂ ಹೇಳ್ಬೇಡಿ," ಎಂದು ಬಾರ್ಟ್ಲಿ ಗೊಣಗಿದ.

ಮುದುಕ ಹೊಗೆಯನ್ನು ನೋಡಿದ, ಸೊಸೆಯನ್ನು ನೋಡಿದ. ದೋಣಿಯಲ್ಲಿಟ್ಟಿದ್ದ ಸೀಸೆಯ ಪವಿತ್ರ ತೀರ್ಥವನ್ನು ದೋಣಿಗೆ ಚಿಮುಕಿಸಿ, ಉಳಿದದ್ದಷ್ಟನ್ನೂ ಅವಳ ನೆತ್ತಿಗೆ ಸುರಿದ. "ಮಾತೆ ಮರಿಯಳೇ, ಸ್ವಲ್ಪ ಹೊತ್ತು ಆ ಕಡೆ ನೋಡ್ತಿರು."

ಹಡಗಿನ ಹಿಂಭಾಗ ಪೂರ್ತಿ ಉರಿಯುತ್ತಿತ್ತು. ಜನ ಮುಂಭಾಗದಿಂದ ನೀರಿನ ಮೇಲೆ ಚಾಚಿದ್ದ ಕಂಬಕ್ಕೆ ಜೇನುಹುಳುಗಳಂತೆ ಜೋತುಬಿದ್ದಿದ್ದರು. ನೀರಲ್ಲಿ ಬಡಿದಾಡುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಂಡರು. ಪ್ರತಿ ಮುಖವನ್ನೂ ನಾಬ್ಲಾ ಒರೆಸಿ ನೋಡುವಳು, ತಂಗಿಯಲ್ಲ. ದೇವರು ತನಗೆ ಬೇರೆಯವರ ತಂಗಿಯರನ್ನೇ ಕೊಡುತ್ತಿದ್ದಾನೆ ಅನ್ನಿಸಿತು. ಆದರೂ ಯಾರ ಕೈಯನ್ನೂ ಅವಳು ಸಡಿಲ ಬಿಡಲಿಲ್ಲ.

ದೋಣಿ ತುಂಬಿ, ಅಂಚಿಗೆ ನೀರು ತಾಗಿದಾಗ ಕಂಬದ ಮೇಲಿಂದ ಕೂಗು ಬಂತು. "ಅಕ್ಕಾ!"

ಒನೋರಾ. ಕಂಕುಳಲ್ಲಿ ಯಾರದೋ ಕೂಸು.

ನಾಬ್ಲಾ ಎದ್ದೇಬಿಟ್ಟಳು. ಮಾವ ಭುಜ ಒತ್ತಿ ಕೂರಿಸಿದ. "ಇನ್ನೊಬ್ಳು ಹತ್ತಿದ್ರೆ ಎಲ್ರೂ ಹೋಗ್ತೀವಿ ಮಗಳೇ."

"ಹೋಗಿ ಬಾರೇ," ಎಂದು ಮೇಲಿಂದ ತಂಗಿ ಕೂಗಿದಳು. "ನಾನೆಲ್ಲಿಗೆ ಹೋಗ್ತೀನಿ?"

ತಂಗಿಯತ್ತ ಮುಖ ಮಾಡಿಕೊಂಡೇ ಹಿಂದಕ್ಕೆ ಹುಟ್ಟು ಹಾಕಬೇಕು. ಹೋಗುವ ಕಡೆಗೆ ಬೆನ್ನು ಹಾಕಿ ಕೂರುವುದೇ ಹುಟ್ಟು ಹಾಕುವವರ ಪಾಡು. ಹತ್ತಿರದ ಬಂಡೆಯ ತನಕ ನಾಬ್ಲಾ ಕಣ್ಣು ಮಿಟುಕಿಸದೆ ಜಪಮಾಲೆಯ ಪ್ರಾರ್ಥನೆ ಹೇಳಿದಳು. ಬಂಡೆಯ ಮೇಲೆ ಜನರನ್ನಿಳಿಸಿ ಮರಳಿ ತಿರುಗಿದಾಗ ತಂಗಿ ಬೆನ್ನ ಹಿಂದಾದಳು. ಆ ದಾರಿಯೇ ಉದ್ದವಾಯಿತು.

"ಇದಾಳಾ ಮಾವ?"

"ನೀನು ಎಳಿ."

"ಇದಾಳಾ?"

ಮುದುಕ ಕತ್ತು ಹೊರಳಿಸಿ ನೋಡಿದ. "ಇದಾಳೆ. ಕೂಸನ್ನ ಬೈತಿದಾಳೆ."

ಕಂಬದ ಕೆಳಗೆ ಬಂದಾಗ, ಒನೋರಾ ಮೇಲಿಂದ ಬಿಟ್ಟ ಕೂಸನ್ನು ಕೋಲ್ಮನ್ ತೋಳು ಚಾಚಿ ಹಿಡಿದ. ಆಮೇಲೆ ಒನೋರಾ ಹಾರಿದಳು, ಮುಳುಗಿದಳು, ಕೆಮ್ಮುತ್ತಾ ಎದ್ದಳು. ಅಕ್ಕ ಅವಳ ಜಡೆ ಹಿಡಿದೇ ದೋಣಿಯೊಳಕ್ಕೆ ಎಳೆದುಹಾಕಿದಳು.

"ನೋಯುತ್ತೇ!"

"ನೋಯ್ಲಿ," ಎಂದು ನಾಬ್ಲಾ ಅತ್ತಳು.

ಕಂಬದ ಮೇಲೆ ಇನ್ನೂ ಜನವಿದ್ದರು. ಒನೋರಾ ಮೂಗು ಒರೆಸಿಕೊಂಡು, ಅಕ್ಕನ ಪಕ್ಕದಲ್ಲಿ ಒತ್ತರಿಸಿ ಕೂತು, ಅದೇ ಹುಟ್ಟಿಗೆ ಕೈ ಹಾಕಿದಳು.