ಎರಡನೇ ಡ್ರೈವರ್

ಜುಂಜೇಶ್ ಗೆಳೆಯ ಕ್ಯಾತಪ್ಪನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಡೀಸೆಲ್ ಬಟ್ಟೆಯಿಂದ ಉಜ್ಜುತ್ತಿದ್ದ. ಉಗುರಿನ ಸಂದಿಯ ಗ್ರೀಸು ಬಿಡುತ್ತಿರಲಿಲ್ಲ.

"ಬುಡು ಜುಂಜಣ್ಣ. ಮದ್ವೆ ಆದಾಗ್ಲಿಂದ ನಾನೂ ಉಜ್ಜಿದೀನಿ, ಹೋಗಿಲ್ಲ" ಎಂದಳು ಬೋರಕ್ಕ.

ಅವಳ ಗಂಡ ಕ್ಯಾತಪ್ಪ ಅಂಗಳದ ಚಾಪೆಯ ಮೇಲೆ ಹೆಣವಾಗಿ ಮಲಗಿದ್ದ. ಬೋರಕ್ಕ ಇನ್ನೂ ಅತ್ತಿರಲಿಲ್ಲ. ಬಂದವರಿಗೆಲ್ಲ ಒಂದೇ ಮಾತು: "ನಿನ್ನೆ ಎಲ್ಡು ಮುದ್ದೆ ಉಂಡ ಕಣ್ರೀ. ಇನ್ನೊಂಚೂರು ಸಾರು ಹಾಕು ಅಂದ."

*

ಅಂಗಳದಲ್ಲಿ ನಿಂತಿದ್ದ ಹಳೇ ಜೀಪು ಎರಡು ವರ್ಷದ ಹಿಂದೆ ಕಂದಿಕೆರೆಯ ತೋಟವೊಂದರಲ್ಲಿ, ತೆಂಗಿನ ಗರಿಗಳ ರಾಶಿಯಡಿ ಸಿಕ್ಕಿತ್ತು. ಆಯುಷ್ಯವಿಡೀ ತಿಪಟೂರಿನ ಕೊಬ್ಬರಿ ಲಾರಿಗಳನ್ನು ರಿಪೇರಿ ಮಾಡಿದ, ಹಾಸನದಾಚೆ ಕಾಲಿಡದ ಕ್ಯಾತಪ್ಪ, ಹಳ್ಳಿ ಮಕ್ಕಳ ಹೃದಯದ ಆಪರೇಷನ್ನಿಗೆ ಹಣ ಕೂಡಿಸಲು ನಡೆಯುವ ಜೀಪು ರ‍್ಯಾಲಿಗೆ ಹೆಸರು ಕೊಟ್ಟು ಬಂದ. ಗುಜರಾತಿನ ಕಛ್‌ವರೆಗೆ ಹೋಗಿಬರಲು ಇಪ್ಪತ್ತು ದಿನ. ಜೊತೆಗೆ ಯಾರು ಎಂದು ಜುಂಜೇಶ್ ಕೇಳಲಿಲ್ಲ. ಕೇಳುವುದೇನಿತ್ತು? ಗೇರ್‌ಬಾಕ್ಸ್ ಇಳಿಸಿದ್ದು, ಬ್ರೇಕು ಕಟ್ಟಿದ್ದು ಇಬ್ಬರೂ ಸೇರಿಯೇ. ಜುಂಜೇಶ್ ಪ್ರಯಾಣಕ್ಕೆಂದು ಹೊಸ ಅಂಗಿಯನ್ನೂ ಹೊಲಿಸಿದ್ದ.

ನಿನ್ನೆಗೆ ಹೊರಡಲು ಒಂಬತ್ತು ದಿನ ಬಾಕಿ. ಊಟವಾದ ಮೇಲೆ ಜುಂಜೇಶ್ ಬಾನೆಟ್ಟಿನೊಳಗೆ ಬಗ್ಗಿದ್ದ. ಕ್ಯಾತಪ್ಪ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತುತ್ತಿದ್ದ.

"ಸಾಕು, ಬುಡು."

ಎಂಜಿನ್ನಿನ ಸದ್ದು ಇಳಿಯಲಿಲ್ಲ, ಇನ್ನೂ ಏರಿತು.

"ಕಾಲು ತೆಗಿಯಲೇ. ಕಿವಿ ಕೇಳಲ್ವೇನ್ಲಾ, ಕತ್ತೆ" ಎಂದು ಬೈಯುತ್ತಲೇ ಜುಂಜೇಶ್ ತಲೆಯೆತ್ತಿದ. ಕ್ಯಾತಪ್ಪ ನೆಟ್ಟಗೆ ಮುಂದಕ್ಕೆ ನೋಡುತ್ತಿದ್ದ. ಆ ಕಾಲನ್ನು ಜುಂಜೇಶನೇ ಎತ್ತಿ ತೆಗೆಯಬೇಕಾಯಿತು.

*

ಹತ್ತು ಗಂಟೆಗೆ ರ‍್ಯಾಲಿ ನಡೆಸುವ ಯೋಗಿತಾ ತಿಪಟೂರಿನಿಂದ ಬಂದಳು. ಹಾರ ಹಾಕಿ, ಬೋರಕ್ಕನ ಕೈ ಹಿಡಿದು ಕೂತಳು.

"ನಿಮ್ಮ ಲೈಸೆನ್ಸ್ ಕಾಪಿ ಮೊನ್ನೆಯಷ್ಟೇ ಕಳಿಸಿದ್ರು ಅಮ್ಮ. ಎರಡನೇ ಡ್ರೈವರ್ ನನ್ನ ಹೆಂಡ್ತಿ ಅಂತ ಎಷ್ಟು ಖುಷಿಯಿಂದ ಹೇಳಿದ್ರು."

ಜುಂಜೇಶನ ಕೈ ನಿಂತಿತು. "ಯಾರು?"

ಬೋರಕ್ಕ ನೆಲ ನೋಡಿದಳು. "ಕೆರೆ ಏರಿ ಮೇಲೆ ಕಲಿಸ್ದ. ನೀನು ಬರೋಕೆ ಮುಂಚೆ, ದಿನಾ ಬೆಳಿಗ್ಗೆ. ಜುಂಜಂಗೆ ಇವತ್ತು ಹೇಳ್ತೀನಿ ಕಣೇ ಅನ್ನೋನು. ನಿನ್ ಮುಖ ನೋಡಿ ಸುಮ್ಕಾಗೋನು."

ಜುಂಜೇಶನಿಗೆ ಸಿಟ್ಟು ಬಂತು. ಸಿಟ್ಟಾಗಬೇಕಾದವನ ಕೈ ಇನ್ನೂ ಅವನ ತೊಡೆಯ ಮೇಲೇ ಇತ್ತು. ಅದನ್ನು ಮೆಲ್ಲಗೆ ಚಾಪೆಯ ಮೇಲಿಟ್ಟ.

ಅಷ್ಟರಲ್ಲಿ ಹಟ್ಟಿಯ ಹಿರಿಯ ದೊಡ್ಡಣ್ಣ ಬಂದು, "ಕ್ಯಾತಪ್ಪನ್ನ ಒಯ್ಯಾಕೆ ಟ್ರಾಕ್ಟರ್ ಬಂದದೆ. ಜೀಪು ಅಡ್ಡ ನಿಂತದೆ ಕಣಪ್ಪ. ತೆಗೀಬೇಕು" ಎಂದ.

ಜುಂಜೇಶ್ ಕೀಲಿ ತೆಗೆದುಕೊಂಡು ಹೋದ. ಬಾಗಿಲು ತೆರೆದು ಒಂದು ಕಾಲಿಟ್ಟ. ಆ ಸೀಟಿನಲ್ಲಿ ಕೂರಲು ಮೈ ಒಪ್ಪಲಿಲ್ಲ; ಬಾಗಿಲು ಹಿಡಿದು ನಿಂತುಬಿಟ್ಟ. ಉಳಿದ ಗಂಡಸರು ಬೇರೆ ಕಡೆ ನೋಡಿದರು.

ಬೋರಕ್ಕ ಎದ್ದು ಬಂದು ಅವನ ಕೈಯಿಂದ ಕೀಲಿ ತೆಗೆದುಕೊಂಡಳು.

"ನೀನ್ಯಾಕವ್ವ ಇವತ್ತು" ಎಂದ ದೊಡ್ಡಣ್ಣ.

ಅವಳು ಸೆರಗು ಸಿಕ್ಕಿಸಿ, ಹತ್ತಿ ಕೂತಳು. ಬರಿಗಾಲು ಕ್ಲಚ್ಚನ್ನು ಹುಡುಕಿಕೊಂಡಿತು. ಹಿಂದಕ್ಕೆ ತಿರುಗಿ ನೋಡುತ್ತ, ತೆಂಗಿನಕಾಯಿ ರಾಶಿಗೂ ಗೋಡೆಗೂ ತಾಗಿಸದೆ, ಜೀಪನ್ನು ಒಂದೇ ಸಲಕ್ಕೆ ಹೊರಗೆ ತೆಗೆದಳು. ಜನ ಎರಡು ಕಡೆ ಸರಿದು ದಾರಿ ಬಿಟ್ಟರು.

ಮಣ್ಣಿನ ರಸ್ತೆಯಲ್ಲಿ ಎತ್ತ ನೋಡಿದರೂ ಓಡಾಡುವ ಒಂದು ಗಾಡಿಯೂ ಇರಲಿಲ್ಲ. ತಿರುಗಿಸುವ ಮುನ್ನ ಬೋರಕ್ಕ ಇಂಡಿಕೇಟರ್ ಹಾಕಿದಳು.