ಸೀಸೆಯೊಳಗೆ ಹೊಕ್ಕ ಗಾಳಿ

ನಾಲ್ಕು ಪಾಯಿಂಟ್ ಎರಡು, ಮತ್ತೆ ಅದೇ ಕೆಂಪು ಅಂಕಿ, ಶೇಕಡಾ ಒಂದಕ್ಕಿಂತ ಕಡಿಮೆ ಇರಬೇಕಾದ ಆಮ್ಲಜನಕ ನಾಲ್ಕು ದಾಟಿದೆ, ಕನ್ನಡಕ ಒರೆಸಿಕೊಂಡು ನೋಡಿದರೂ ನಾಲ್ಕೇ — ಸೀಸೆ ನೋಡಲು ಎಷ್ಟು ಸಭ್ಯ, ತಳದಲ್ಲಿ ಚುಚ್ಚುಮದ್ದಿನ ಬಿಳಿ ಪುಡಿ, ತಲೆಗೆ ಅಲ್ಯೂಮಿನಿಯಂ ಮುಚ್ಚಳ, ನಡುವಿನ ಖಾಲಿ ಜಾಗದಲ್ಲಿ ಬರೀ ಸಾರಜನಕ ಇರಬೇಕು, ಲೇಸರ್ ಅದನ್ನು ಹಾದುಹೋಗಿ ಹೊರಗಿನ ಗಾಳಿ ಎಷ್ಟು ಸೇರಿದೆಯೆಂದು ಹೇಳುತ್ತದೆ, ಮುಟ್ಟದೆಯೇ ಒಳಗಿನದೆಲ್ಲ ಕಂಡುಹಿಡಿಯುವುದು, ನಮ್ಮತ್ತೆಯ ಕಣ್ಣಿನ ಹಾಗೆ — ನೂರರಲ್ಲಿ ಆರು ಸೀಸೆ ಹೀಗೆ, ನಿನ್ನೆ ಮುಚ್ಚಿದವು, ಮುಚ್ಚುವ ಯಂತ್ರದ ಮುಂದೆ ಯಾರಿದ್ದರೆಂದು ಪಟ್ಟಿ ನೋಡಬೇಕಾಗಿಲ್ಲ, ನನ್ನ ತಮ್ಮ, ಅಕ್ಕಾ ಈ ತಿಂಗಳು ನನ್ ಕೆಲ್ಸ ಕಾಯಂ ಆಗುತ್ತೆ ನೋಡ್ತಿರು ಅಂದವನು, ಇಲ್ಲಿಗೆ ಸೇರಿಸಿದವಳೂ ನಾನೇ, ಅವನ್ನ ಒಂದು ದಡ ಸೇರಿಸು ಪುಟ್ಟಿ ಅಂದಿದ್ದಳು ಅಮ್ಮ — ಮೇಲ್ವಿಚಾರಕರು ಬಾಗಿಲಲ್ಲೇ ನಿಂತು, ಏನಮ್ಮಾ, ಲಾರಿ ಕಾಯ್ತಿದೆ, ಯಂತ್ರಾನೇ ತಪ್ಪು ತೋರಿಸ್ತಿರಬಹುದು, ಇನ್ನೊಂದ್ಸಲ ನೋಡಿ, ನೋಡಿದೆ ಸರ್, ಅಳತೆ ಗೊತ್ತಿರೋ ಸೀಸೆ ಇಟ್ಟೂ ನೋಡಿದೆ, ಯಂತ್ರ ಸರಿಯಾಗಿದೆ, ಈ ಕೆಂಪು ಅಂಕಿಯ ಸೀಸೆಯನ್ನೇ ಮತ್ತೆ ಇಟ್ಟರೆ ಈಗ ಐದು, ಗಾಳಿ ಇನ್ನೂ ಒಳಗೆ ನುಸುಳುತ್ತಲೇ ಇದೆ, ಪುಡಿ ಕೆಟ್ಟರೂ ಬೆಳ್ಳಗೇ ಇರುತ್ತದೆ, ಸೂಜಿ ಹಿಡಿದ ನರ್ಸಿಗೆ ಹೇಗೆ ಗೊತ್ತಾಗಬೇಕು, ಸೂಜಿಯ ತುದಿಯಲ್ಲಿ ಯಾರ ಮಗುವಿನ ತೋಳೋ — ಬರೆ, ಆರು ಸೀಸೆ ಸೋರಿಕೆ, ಇಡೀ ಬ್ಯಾಚ್ ತಡೆಹಿಡಿಯಲಾಗಿದೆ, ಸಹಿ.

ತಮ್ಮ ಓಡಿಬಂದ, ನಂಗೆ ಮೊದ್ಲು ಹೇಳ್ಬಾರದಿತ್ತಾ ಅಕ್ಕಾ, ಹೇಳಿದ್ರೆ ಏನು ಮಾಡ್ತಿದ್ದೆ ಅಂದೆ, ಏನೋ ಮಾಡ್ತಿದ್ದೆ, ನಾನು ನೆಟ್ಟಗೇ ಮುಚ್ಚಿದೀನಿ, ನಿನ್ನ ಲೇಸರಿಗೇನು ಗೊತ್ತು — ಸೀಸೆ ಅವನ ಕೈಗೇ ಕೊಟ್ಟೆ, ಬಿಗಿಯಾಗಿ ಕೂತ ಮುಚ್ಚಳ ಬೆರಳಿಗೆ ಜಗ್ಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಅವನಿಗೆ ಗೊತ್ತು, ಎರಡು ಬೆರಳಲ್ಲಿ ಹಿಡಿದ, ತಿರುಗಿಸಿದ, ತಿರುಗಿತು, ಇಬ್ಬರೂ ನೋಡಿದೆವು, ಪೆನ್ನು ಕೊಡು ಅಂದ, ಮುಚ್ಚಳ ಒತ್ತೋ ರೋಲರ್ ಸವೆದಿರೋದು ಮೊನ್ನೇನೇ ಕಂಡಿತ್ತು ಅಕ್ಕಾ, ಕಾಯಂ ಆಗೋವರೆಗೂ ಬಾಯಿ ಬಿಡೋದು ಬೇಡ ಅಂತ — ಅದನ್ನೇ ಬರೆದು ಸಹಿ ಹಾಕಿದ, ಲಾರಿ ಖಾಲಿ ಹೋಯಿತು, ಅವನ ಕಾಯಂ ಒಂದು ವರ್ಷ ಮುಂದಕ್ಕೆ ಹೋಯಿತು, ಕೆಲಸವಂತೂ ಉಳಿಯಿತು, ಬಸ್ಸಿನಲ್ಲಿ ಅವನು ಮುಂದೆ ಕೂತ, ನಾನು ಹಿಂದೆ, ಅಮ್ಮನಿಗೆ ಏನು ಹೇಳಲಿ, ನಿನ್ನ ಮಗ ಇವತ್ತು ಕೊನೆಗೂ ನಿಜವನ್ನೇ ಬರೆದ ಎಂದು ಶುರುಮಾಡಲೇ, ಇಲ್ಲ, ಮೊದಲು — ಎರಡು ಬೆರಳು, ನಡುವೆ ಮುಚ್ಚಳ, ಸದ್ದೇ ಇಲ್ಲದೆ ತಿರುಗುತ್ತಿದೆ, ತಿರುಗುತ್ತಿದೆ